ಹಗಲಿಗೊಂದು ದೀಪ

ಉಪ್ಪಿಟ್ಟಿನಲ್ಲಿ ಕರಿಬೇವು ಯಾವುದು, ಮೆಣಸಿನಕಾಯಿ ಯಾವುದು ಎಂದು ತಿಳಿಯಲು ಬೆಳಗಿನ ಹೊತ್ತೇ ದೀಪ ಹಾಕಬೇಕಾದ ಮನೆ ನಮ್ಮದು. ಕೋಗಿಲು ಬಡಾವಣೆಯ ಈ ಎರಡು ಕೋಣೆಯ ಮನೆಗೆ ಇದ್ದದ್ದು ಒಂದೇ ದೊಡ್ಡ ಕಿಟಕಿ. ಚಿಕ್ಕಪ್ಪನ ಮಗ ಪಕ್ಕದ ಸೈಟಿನಲ್ಲಿ ಬಾಡಿಗೆ ಮನೆಗಳನ್ನು ಎಬ್ಬಿಸಿದಾಗ ಅದರ ಎದುರಿಗೆ ಗೋಡೆ ಬಂತು. “ಒಂದಡಿ ಬಿಟ್ಟಿದೀನಲ್ಲಣ್ಣ, ಗಾಳಿ ಬರ್ತೈತೆ” ಎಂದು ಸಮಾಧಾನ ಹೇಳಿದ. ಗಾಳಿಯೇನೋ ಬರುತ್ತದೆ, ಅಡ್ಡಡ್ಡವಾಗಿ ನುಗ್ಗುವ ವಿದ್ಯೆ ಬೆಳಕಿಗೆ ಗೊತ್ತಿಲ್ಲ.

ಆ ಕಿಟಕಿಯ ಪಕ್ಕದಲ್ಲೇ ಅಮ್ಮನ ಮಂಚ. ಸೊಂಟದ ಮೂಳೆ ಮುರಿದ ಮೇಲೆ ದೇವರ ಗೂಡಿನವರೆಗೂ ನಡೆಯಲಾಗದ ಅವಳಿಗೆ ಉಳಿದಿದ್ದ ಪೂಜೆ ಒಂದೇ: ಮುಸ್ಸಂಜೆ ಆ ಕೋಣೆಯಲ್ಲಿ ದೀಪ ಹಾಕಿದೊಡನೆ ಮಲಗಿದಲ್ಲಿಂದಲೇ ಕೈಮುಗಿಯುವುದು.

ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆದು ನಿವೃತ್ತನಾದ ನಾನು ಸೂರ್ಯನಿಗೆ ಬದಲಿ ತಯಾರಿಸಲು ಕುಳಿತೆ. ದೀಪದ ಕತ್ತು ಬಗ್ಗಿಸಿದರೆ ಓದಿಗೆ, ಎತ್ತಿದರೆ ಕೋಣೆಗೆಲ್ಲ, ಕಳಚಿ ಮೊಳೆಗೆ ತೂಗುಹಾಕಿದರೆ ಅಡುಗೆಗೆ, ಗುಂಡಿ ತಿರುಗಿಸಿದರೆ ಬಿಳಿಯಿಂದ ಹಳದಿಗೆ. ಇಕ್ಕಟ್ಟಿನ ಸಂಸಾರಕ್ಕೆಂದೇ ಅವತರಿಸಿದ ಸರ್ವಕಾರ್ಯಸಮರ್ಥ ದೀಪ! ಪರೀಕ್ಷೆಗೆಂದು ಹಾಕಿದಾಗಲೆಲ್ಲ ಅಮ್ಮ ಕೈಮುಗಿದಳು. ನನ್ನ ಪ್ರತಿಭೆಗೆ ಸಂದ ಗೌರವವೆಂದು ನಾನು ಬೀಗಿದೆ, ನೀವು ನಗಬೇಡಿ. “ಇವತ್ತೇನೋ ಒತ್ತು ಬೇಗ ಮುಳುಗ್ತು, ಮಧ್ಯಾನದ ಊಟಾನೇ ಆಗಿಲ್ವಲ್ಲೋ” ಎಂದು ಅವಳು ಅಂದಾಗ ನನ್ನ ಮುಖ ಸಪ್ಪಗಾಯಿತು.

ಗೊಂದಲವೇ ಬೇಡವೆಂದು ಮರುದಿನದಿಂದ ಬೆಳಗಾಗುತ್ತಲೇ ಹಾಕಿದ ದೀಪವನ್ನು ಮಲಗುವವರೆಗೂ ಆರಿಸಲಿಲ್ಲ. ಅಮ್ಮ ಕೈಮುಗಿಯುವುದನ್ನೇ ಬಿಟ್ಟಳು. ಊಟದ ಹೊತ್ತು, ನಿದ್ದೆಯ ಹೊತ್ತು ಎಲ್ಲ ಅವಳಿಗೆ ಕಲಸುಮೇಲೋಗರವಾದವು. ಕೊನೆಗೊಂದು ದಿನ ಕೇಳಿದಳು: “ಚೆನ್ನಾಗೈತೆ ಕಣಪ್ಪ ನಿನ್ ದೀಪ. ಇಂಗೇ ಉರೀತಿದ್ರೆ ಸಂಜೆ ಆಗೋದ್ ಯಾವಾಗ?” ಇಷ್ಟೆಲ್ಲ ಯೋಚಿಸಿ ಬರೆದ ನಕ್ಷೆಯಲ್ಲಿ ಸಂಜೆಗೆ ನಾನು ಜಾಗವನ್ನೇ ಬಿಟ್ಟಿರಲಿಲ್ಲ. ತುಂಬಾ ದುಃಖವಾಯಿತು.

ಈಗ ದಿನವೂ ತಾರಸಿ ಹತ್ತಿ, ಸೂರ್ಯ ನಿಜಕ್ಕೂ ಮುಳುಗಿದನೆಂದು ಖಾತ್ರಿ ಮಾಡಿಕೊಂಡು ಕೆಳಗಿಳಿಯುತ್ತೇನೆ. ದೀಪ ಆರಿಸಿ, ಕತ್ತಲೆ ಕೋಣೆಯಲ್ಲಿ ನೆಲೆಯಾಗುವವರೆಗೂ ತಡೆದು, ಮತ್ತೆ ಹಾಕುತ್ತೇನೆ. ಅಮ್ಮ ಕೈಮುಗಿಯುತ್ತಾಳೆ. ಆದರೆ ಆ ಕೈಗಳು ಮೇಲೇಳುವುದು ಇತ್ತೀಚೆಗೆ ತೀರ ನಿಧಾನವಾಗಿದೆ, ನನಗೆ ಭಯವಾಗುತ್ತದೆ. ಮೊನ್ನೆ ದೀಪ ಹಾಕಿದಾಗ ಅವು ಹೊದಿಕೆಯಿಂದ ಏಳಲೇ ಇಲ್ಲ. ಅಮ್ಮ ನನ್ನನ್ನೇ ನೋಡುತ್ತಿದ್ದಳು.

“ನೀನೇ ಕೈ ಮುಗ್ದುಬಿಡಪ್ಪ” ಎಂದಳು.

ದೇವರನ್ನು ಅಷ್ಟಾಗಿ ನೆಚ್ಚದ ನಾನು, ನಾನೇ ತಿರುಪು ಬಿಗಿದ ದೀಪದ ಮುಂದೆ ನಿಂತು ಕೈಮುಗಿದೆ.