ಬಾಟಲಿಯಲ್ಲಿ ಇದ್ದದ್ದು ಔಷಧಿಯೇ?

ಕೂದಲು ತೆಳುವಾದದ್ದು ಮೊದಲು ಕಂಡದ್ದು ಬೈತಲೆಯಲ್ಲಿ. ಶಾಲೆಗೆ ಹೊರಡುವ ಮುಂಚೆ ಕನ್ನಡಿ ನೋಡಿದರೆ ನೆತ್ತಿಯ ಚರ್ಮ ಹೊಳೆಯುತ್ತಿತ್ತು. ಆಗ ನಾನು ಕೊಪ್ಪದಲ್ಲಿ ಟೀಚರ್. ಮೂವತ್ತೂ ಆಗಿರಲಿಲ್ಲ.

"ನಂಗೂ ಹಿಂಗೇ ಆಗಿದ್ದು, ನಿನ್ನ ಅಜ್ಜಿಗೂ. ಎಂತ ಮಾಡದು?" ಅಂದಳು ಅಮ್ಮ.

ನಾನು ಶಿವಮೊಗ್ಗದ ಒಂದು ಆಸ್ಪತ್ರೆಗೆ ಹೋದೆ. ವಂಶದಿಂದ ಬಂದದ್ದು, ಪೂರ್ತಿ ವಾಸಿಯಾಗದು ಎಂದರು ಸ್ಕಿನ್ ಡಾಕ್ಟರ್. ಅಲ್ಲಿ ಹೆಂಗಸರಿಗಾಗಿ ಹೊಸ ಔಷಧಿಯೊಂದನ್ನು ಪರೀಕ್ಷಿಸುವ ಟ್ರಯಲ್ ನಡೆಯುತ್ತಿತ್ತು. ನೆತ್ತಿಗೆ ಹಚ್ಚುವ ಲೋಶನ್. ಕೆಲವರ ಬಾಟಲಿಯಲ್ಲಿ ಔಷಧಿ, ಉಳಿದವರದರಲ್ಲಿ ಬರೀ ನೀರಿನಂಥದ್ದು. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ.

"ಈ ಸಮಯದಲ್ಲಿ ಪ್ರೆಗ್ನೆಂಟ್ ಆಗಬಾರದು," ಎಂದರು. ಮದುವೆಯಾಗಿ ಆರು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ. ತಲೆಯಾಡಿಸಿ ಟ್ರಯಲ್‌ಗೆ ಸೇರಿಕೊಂಡೆ.

ಕೆಲವು ತಿಂಗಳಲ್ಲಿ ಬೈತಲೆಯಲ್ಲಿ ಸಣ್ಣ ಕೂದಲು ಬೆರಳಿಗೆ ತಾಗತೊಡಗಿತು. ಗಂಡ ಸತೀಶ್ ಹೊಸದಾಗಿ ಕೊಂಡ ಮೊಬೈಲಿನ ಬೆಳಕು ಬಿಟ್ಟು ನೋಡಿದರು. "ಹೌದಲ್ಲ ಮಾರಾಯ್ತಿ!"

ಮರುತಿಂಗಳು ಮುಟ್ಟಾಗಲಿಲ್ಲ.

ಕಿಟ್‌ನಲ್ಲಿ ಎರಡು ಗೆರೆ.

ಸತೀಶರ ಮುಖ ಅರಳಿತು. ಮರುಕ್ಷಣ ಅವರ ಕಣ್ಣು ನನ್ನ ನೆತ್ತಿಗೆ ಹೋಯಿತು. ಕೂದಲು ಬಂದಿದೆ ಎಂದರೆ ಬಾಟಲಿಯಲ್ಲಿ ಔಷಧಿಯೇ ಇದ್ದಿರಬೇಕು, ಅದು ಮಗುವಿಗೂ ತಲುಪಿರಬಹುದು. ಬರೀ ನೀರೇ ಆಗಿರಲಿ ಎಂದು ಶೃಂಗೇರಿ ಅಮ್ಮನವರಿಗೆ ಹೇಳಿಕೊಂಡೆ. ಮರುದಿನ ಇಬ್ಬರೂ ನರಸಿಂಹರಾಜಪುರದ ಮೇಲೆ ಹೋಗುವ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು.

ಯಾರಿಗೆ ಯಾವ ಬಾಟಲಿ ಎಂಬ ಪಟ್ಟಿ ಇಟ್ಟುಕೊಂಡವರಿಗೆ ಡಾಕ್ಟರ್ ಫೋನ್ ಮಾಡಿ ನನ್ನ ಬಾಟಲಿಯ ಕೋಡ್ ಹೇಳಿದರು. ಕಾದರು. ರಿಸೀವರ್ ಇಟ್ಟರು.

"ಔಷಧಿಯೇ."

ಲೋಶನ್ ಅಂದೇ ನಿಂತಿತು. "ಚರ್ಮದಿಂದ ರಕ್ತಕ್ಕೆ ಹೋಗೋದು ಸ್ವಲ್ಪ. ಆದರೆ ಏನೂ ಆಗಲ್ಲ ಅಂತ ಮಾತು ಕೊಡಲಾರೆ," ಎಂದರು. ಅವರು ಒಂದು ಸುಳ್ಳನ್ನಾದರೂ ಹೇಳಬಾರದಿತ್ತೇ ಎಂದು ಸಿಟ್ಟು ಬಂತು. ಮುಂದಿನ ಒಂದೊಂದು ಸ್ಕ್ಯಾನಿಂಗ್‌ನಲ್ಲೂ ಸ್ಕ್ಯಾನ್ ಮಾಡುವವರ ಮುಖವನ್ನೇ ನೋಡುತ್ತಿದ್ದೆ. ಅವರು ಮಾತು ನಿಲ್ಲಿಸಿದರೆ ಏನಾಯಿತೆಂದು ಕೇಳುತ್ತಿದ್ದೆ. ಎಲ್ಲ ಸರಿಯಿದೆ ಎಂದರೂ ನಂಬಿಕೆ ಬರುತ್ತಿರಲಿಲ್ಲ.

ಮಗಳು ಹುಟ್ಟಿದಳು. ಮಕ್ಕಳ ಡಾಕ್ಟರ್ ಎದೆಗೆ ಸ್ಟೆತ್ ಇಟ್ಟು, ಕೈಕಾಲು ಬಿಡಿಸಿ ನೋಡಿ, "ಚೆನ್ನಾಗಿದಾಳೆ" ಅಂದರು. ಸತೀಶ್ ಗೋಡೆಗೆ ಒರಗಿ ಅತ್ತುಬಿಟ್ಟರು.

ಬಾಣಂತನದಲ್ಲಿ ಹೊಸ ಕೂದಲೆಲ್ಲ ಉದುರಿತು. ದುಃಖವಾಯಿತು. ಇಷ್ಟಾದ ಮೇಲೂ ಕೂದಲಿಗಾಗಿ ದುಃಖಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು.

ಮಗುವನ್ನು ನೋಡಬೇಕೆಂದು ಸ್ಕಿನ್ ಡಾಕ್ಟರೇ ಕರೆಸಿದರು. ಎತ್ತಿಕೊಂಡವರು ಬಹಳ ಹೊತ್ತು ಕೆಳಗಿಳಿಸಲಿಲ್ಲ. "ನಾನೂ ಹೆದರಿದ್ದೆ," ಎಂದರು ಮೆಲ್ಲಗೆ. ಆಮೇಲೆ, "ಇವಳು ಹಾಲು ಬಿಟ್ಟ ಮೇಲೆ ಮತ್ತೆ ಹಚ್ಚಬಹುದು. ಬೇಕಾ?"

ಬೇಡ ಎನ್ನಲು ಮನಸ್ಸು ಬರಲಿಲ್ಲ.

"ನೋಡುವ ಡಾಕ್ಟ್ರೇ," ಎಂದು ಮಗಳನ್ನು ಎತ್ತಿಕೊಂಡೆ. ಅವಳಿಗೆ ಹಸಿವಾಗಿತ್ತು.