ನೀಲಗಂಗಾ ಅಕ್ಕೋರ ಪ್ರವಾಹ

"ಮಮ್ಮಿ, ಅಕ್ಕೋರು ಸಮುದ್ರ ನೋಡ್ಯಾರೇನು?" ಊಟದ ನಡುವೆ ಮಗಳು ಸ್ನೇಹಲ ಕೇಳಿದಳು.

ನೋಡಿಲ್ಲ. ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ನೀಲಗಂಗಾ ಅಕ್ಕೋರು ಹುಟ್ಟಿದ್ದು ಹೋಟಗಿಯಲ್ಲಿ, ಓದಿದ್ದು ಇದೇ ಸೋಲಾಪುರದಲ್ಲಿ. ದಿನಾ ನಮ್ಮ ವಿಜಾಪುರ ರಸ್ತೆಯಿಂದ ಬಸ್ಸು ಬದಲಿಸುತ್ತ ಅಕ್ಕಲಕೋಟದ ಆಚೆಯ ಹಳ್ಳಿಯ ಕನ್ನಡ ಶಾಲೆಗೆ ಕಲಿಸಲು ಹೋಗುತ್ತಾರೆ. ಭೂಗೋಳದ ಹೊಸ ಸಂಗತಿಗಳು ಅವರ ಕೈಗೆ ಸಿಗುವುದು ಮರಾಠಿಯಲ್ಲಿ. ಕನ್ನಡಕ್ಕೆ ತಂದುಕೊಳ್ಳುವುದು ಅವರದೇ ಕೆಲಸ. ಒಗ್ಗರಣೆ ಹಾಕುತ್ತಲೇ ಮೇಲಿನಿಂದ, "ಮನೀಷಾ, ಇದಕ್ಕ ಕನ್ನಡದಾಗ ಏನಂತಾರವಾ?" ಎಂದು ಕೂಗುವುದುಂಟು. ನನಗೂ ಗೊತ್ತಿರುವುದಿಲ್ಲ.

ಈ ಜೂನಿನಲ್ಲಿ ಹಿಮದ ಪಾಠ ಮಾಡಿದರು. ಉತ್ತರದ ಕಡಲಿನಲ್ಲಿ ತಣ್ಣಗಿನ ಉಪ್ಪುನೀರು ಭಾರವಾಗಿ ತಳಕ್ಕಿಳಿಯುತ್ತದೆ, ಆ ಜಾಗಕ್ಕೆ ದಕ್ಷಿಣದ ಬೆಚ್ಚಗಿನ ನೀರು ಬರುತ್ತದೆ. ಗ್ರೀನ್‌ಲ್ಯಾಂಡಿನ ಹಿಮ ಕರಗಿ ಸಿಹಿನೀರು ಬೆರೆತರೆ ಮೊದಲಿನಷ್ಟು ಇಳಿಯುವುದಿಲ್ಲ. ಮರಾಠಿಯಲ್ಲಿದ್ದಂತೆಯೇ ಫಲಕದ ಮೇಲೆ ಬರೆದರು: "ಪ್ರವಾಹ ನಿಧಾನವಾಗುತ್ತದೆ, ನಿಲ್ಲಲೂಬಹುದು."

ಮರಾಠಿಯಲ್ಲಿ ಪ್ರವಾಹ ಎಂದರೆ ಹರಿವು. ಹೋದ ವರ್ಷ ಹಳ್ಳ ಉಕ್ಕಿ ಮನೆಗಳಿಗೆ ನುಗ್ಗಿದ ಆ ಊರಿನ ಕನ್ನಡದಲ್ಲಿ ಅದರ ಅರ್ಥ ಒಂದೇ: ನೆರೆ.

ಮರುದಿನ ಒಬ್ಬ ಹುಡುಗಿಯ ಅಜ್ಜಿ ಗುರುಬಾಯಿ ಬೆಲ್ಲ ಹಿಡಿದು ಶಾಲೆಗೆ ಬಂದರು.

"ಅಕ್ಕೋರ, ಪ್ರವಾಹ ನಿಲ್ತದಂತಲ್ರಿ! ಬಾಯಿ ಸೀ ಮಾಡ್ಕೋರಿ. ಕಟ್ಟಿದ ಗಂಟೆಲ್ಲ ಬಿಚ್ಚೀನಿ."

ಹಳ್ಳದ ದಂಡೆಯ ಮನೆ ಬಿಟ್ಟು, ಮಳೆಗಾಲ ಮುಗಿಯುವವರೆಗೆ ಎತ್ತರದಲ್ಲಿರುವ ತಮ್ಮನ ಮನೆಗೆ ಹೊರಟಿದ್ದವರು ಅವರು.

ಅಕ್ಕೋರು ಬೆಲ್ಲ ಮುಟ್ಟಲಿಲ್ಲ. "ಯವ್ವಾ, ಅದು ಸಮುದ್ರದ ನೀರಿನ ಸುದ್ದಿರಿ. ಆ ನೀರು ನಿಂತ್ರ ನಮ್ಮ ಮಳೀನೂ ಏರುಪೇರು ಆಗಬಹುದು ಅಂತಾರ. ನಿಮ್ಮ ಹಳ್ಳ ನಿಲ್ಲಂಗಿಲ್ಲ."

"ಕೊಟ್ಟಂಗ ಮಾಡಿ ಕಸಗೊಂಡ್ರಿ ನೋಡ್ರಿ! ಮೊಮ್ಮಗಳ್ನ ಸಾಲೀಗಿ ಕಳಿಸಿದ್ದ ತಪ್ಪಾತು."

ಸಂಜೆ ಬಸ್ಸು ತಪ್ಪಿಸಿಕೊಂಡು ಅಕ್ಕೋರೇ ಹೋಗಿ ಮತ್ತೆ ಗಂಟು ಕಟ್ಟಿಸಿದರು. ಗುರುಬಾಯಿ ಬೈಯುತ್ತಲೇ ತಮ್ಮನ ಮನೆ ಸೇರಿದರಂತೆ.

ಶನಿವಾರ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಊರಿನ ಹೆಂಗಸರೆಲ್ಲ ಬರುತ್ತಾರೆ, ಹಿಮದ ವಿಷಯವೂ ಗೋಡೆಗೆ ಏರಲಿದೆ. ಅಕ್ಕೋರು ವಾರವಿಡೀ ಪದ ಹುಡುಕಿದರು.

"ಹರಿವು, ಒಳಹರಿವು ಅಂದ್ರ ಉಜನಿ ಡ್ಯಾಮಿಗಿ ನೀರು ಬಂತು ಅಂತಾರ. ಸೆಳವು ಅಂದ್ರ ಯಾರ್ ಕೊಚ್ಕೊಂಡು ಹೋದ್ರು ಅಂತ ಕೇಳ್ತಾರ."

ಕಡೆಗೆ "ಸಮುದ್ರದ ನೀರಿನ ಓಡಾಟ" ಎಂದು ಬರೆದು, ಇವತ್ತು ಹಾಳೆ ಹಿಡಿದು ಕೆಳಗೆ ಬಂದರು. ಒಳಗೆ ನನ್ನ ಅತ್ತೆ ಸೋನಾಬಾಯಿ ಶೇಂಗಾ ಹುರಿಯುತ್ತಿದ್ದರು. ಅಕ್ಕೋರು ದನಿ ತಗ್ಗಿಸಿದರು.

"ಅತ್ತಿಯವರಿಗಿ ಇದನ್ನೊಮ್ಮಿ ಓದಿ ಹೇಳವಾ. ಏನ್ ತಿಳೀತು ಅಂತ ಕೇಳು. ನೀ ಮಾತ್ರ ನಡುವ ಬಾಯಿ ಹಾಕಿ ತಿಳಿಸಬ್ಯಾಡ."