ಪಾಸು ಬಾರದ ಪಂದ್ಯ

ಮನೆಯಲ್ಲಿ ಅವಳನ್ನು ಏಣಿ ಎಂದೇ ಕರೆಯುತ್ತಿದ್ದರು. ಅಮ್ಮ ಬಟ್ಟೆ ಹೊಲಿಯುವವಳು. ಅಟ್ಟದ ಮೇಲಿನ ಬಟ್ಟೆ ಬೇಕಾದರೆ ಸ್ಟೂಲು ಹುಡುಕುವ ಗೋಜಿರಲಿಲ್ಲ, ಮಗಳು ನಿಂತಲ್ಲಿಂದಲೇ ಇಳಿಸಿಕೊಡುತ್ತಿದ್ದಳು. ಮೀಸೆ ಮೂಡದ ಹುಡುಗರನ್ನೆಲ್ಲ ಬಾಸ್ಕೆಟ್‌ಬಾಲ್‌ನಲ್ಲಿ ಸೋಲಿಸಿ, ದೇಶದ ಕಿರಿಯರ ತಂಡ ಸೇರಿದಳು. ಅಲ್ಲಿ ಅವಳ ಆಟ ಕಂಡ ಪರದೇಶದ ಕೋಚ್ ಒಬ್ಬರು ಮನೆಗೇ ಬಂದರು. ನಮ್ಮ ಕಾಲೇಜಿಗೆ ಆಡಲಿ, ಓದು, ಊಟ, ವಸತಿ ಎಲ್ಲ ನಮ್ಮದು ಎಂದರು. ಅವರು ಹೊಸಿಲು ದಾಟುವುದನ್ನೇ ಕಾದಿದ್ದ ಅಮ್ಮ, "ಇಷ್ಟು ನಯವಾಗಿ ಮಾತಾಡೋರನ್ನ ಕಂಡ್ರೆ ನಂಗೆ ಭಯ ಕಣೇ. ಹೋಗು, ಆದ್ರೆ ಮೈಯೆಲ್ಲಾ ಕಣ್ಣಾಗಿರು" ಎಂದಳು.

ಏಣಿ ಆ ಮಾತನ್ನು ಸೂಟ್‌ಕೇಸಿಗಿಂತ ಜೋಪಾನವಾಗಿ ಒಯ್ದಳು. ಅಲ್ಲಿನ ಭಾಷೆ ಅವಳಿಗೆ ಬಾರದು. ಕೋಚ್ ಅವಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ತಂಡದ ಹುಡುಗಿಯರಿಗೆ ಅದೂ ಬಾರದು. ಬಟ್ಟೆ ಬದಲಿಸುವ ಕೋಣೆಗೆ ಹೊಕ್ಕರೆ ಗೆಳತಿಯರ ನಗು ಗಕ್ಕನೆ ನಿಲ್ಲುತ್ತಿತ್ತು. ತನ್ನ ಬಗ್ಗೆಯೇ ಆಡಿಕೊಂಡು ನಗುತ್ತಿದ್ದಾರೆ ಎಂದುಕೊಂಡಳು. ಕಾಲೇಜಿನ ಊಟದ ಹಾಲ್‌ನಲ್ಲಿ ಬಡಿಸುವ ಹೆಂಗಸನ್ನು ಪರಿಚಯ ಮಾಡಿಕೊಂಡು, ಸೌಟು, ಉಪ್ಪು, ಬಿಸಿ ಎಂದು ಶುರುಮಾಡಿ, ವರ್ಷ ಕಳೆಯುವಷ್ಟರಲ್ಲಿ ಅಲ್ಲಿಯವರ ಮಾತು ಮುಕ್ಕಾಲು ಪಾಲು ತಿಳಿಯುವಷ್ಟಾದಳು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಏನೂ ಅರ್ಥವಾಗದವಳಂತೆ ಮುಖ ಮಾಡಿಕೊಂಡು ಕಿವಿ ತೆರೆದಿಟ್ಟಳು.

ಎರಡನೆಯ ವರ್ಷ ಅಂಕಣದಲ್ಲಿ ಅವಳದೇ ದರ್ಬಾರು. ಅಷ್ಟರಲ್ಲಿ ಎಡಮಂಡಿ ಊದಿಕೊಂಡಿತು. ಸ್ಕ್ಯಾನ್ ಆಯಿತು. ಡಾಕ್ಟರು ಕೋಚ್‌ನ ಜೊತೆ ಬಹಳ ಹೊತ್ತು ಗುಸುಗುಟ್ಟಿದರು. ಕೋಚ್ ಹೊರಗೆ ಬಂದು, ಬರೀ ಉಳುಕು, ಪಟ್ಟಿ ಕಟ್ಟಿಕೊಂಡು ಆಡಬಹುದು ಎಂದರು. ಅಷ್ಟು ಹೊತ್ತಿನ ಗುಸುಗುಸು ಒಂದು ಉಳುಕಿಗೇ? ಏಣಿಯ ತಲೆಗೆ ಹುಳ ಹೊಕ್ಕಿತು.

ಸೆಮಿಫೈನಲ್‌ಗೆ ಬಸ್ಸಿನಲ್ಲಿ ಹೋಗುವಾಗ ಅವಳು ಕಣ್ಣುಮುಚ್ಚಿ ಕೂತಿದ್ದಳು. ಮುಂದಿನ ಸೀಟಿನಲ್ಲಿ ಕೋಚ್ ತಮ್ಮ ಸಹಾಯಕನಿಗೆ, "ಲೀಗ್ ಮುಗಿಯೋವರೆಗೂ ಮಂಡಿ ವಿಷಯ ಅವಳಿಗೆ ಗೊತ್ತಾಗೋದು ಬೇಡ" ಎಂದದ್ದು ಕೇಳಿಸಿತು. ಕಣ್ಣು ಅರೆ ತೆರೆದರೆ, ಪಕ್ಕದ ಸಾಲಿನಲ್ಲಿದ್ದ ನಾಯಕಿಯ ಮುಖ ಬಿಳಿಚಿಕೊಂಡಿತ್ತು. ಕುಳ್ಳಗೆ ಚುರುಕಾಗಿದ್ದ ಅವಳಿಗೆ ಏಣಿ ಮನಸ್ಸಿನಲ್ಲೇ ಗುಬ್ಬಿ ಎಂದು ಹೆಸರಿಟ್ಟಿದ್ದಳು. ಅವಳೂ ಕೇಳಿಸಿಕೊಂಡಿದ್ದಳು, ಆದರೂ ತುಟಿ ಪಿಟಕ್ಕೆನ್ನಲಿಲ್ಲ. ಹಾಗಾದರೆ ಇವಳೂ ಅವರ ಕಡೆಯವಳೇ. ಪಂದ್ಯದ ಊರು ತಲುಪಿದ ಮೇಲೆ ಗುಬ್ಬಿ ಐಸು ಹಿಡಿದು ಹೋಟೆಲ್ ಕೋಣೆಗೆ ಬಂದು ಬಾಗಿಲು ತಟ್ಟಿದಾಗ, ಬೇಹು ನಡೆಸಲು ಬಂದಿದ್ದಾಳೆಂದು ಏಣಿ ಒಳಗಿಂದ ಚಿಲಕ ತೆಗೆಯಲೇ ಇಲ್ಲ. ಆಡುವುದಿಲ್ಲ ಎಂದರೆ ಊರಿಗೆ ಕಳಿಸಿಯಾರೆಂಬ ಅಂಜಿಕೆ ಬೇರೆ. ಪಟ್ಟಿ ಬಿಗಿದು ಅಂಕಣಕ್ಕಿಳಿದಳು.

ಪಂದ್ಯದುದ್ದಕ್ಕೂ ಅವಳಿಗೆ ಚೆಂಡೇ ಬರಲಿಲ್ಲ. ಬುಟ್ಟಿಯ ಕೆಳಗೆ ಕೈಯೆತ್ತಿ ನಿಂತರೂ ಗುಬ್ಬಿ ಇನ್ನೊಂದು ಬದಿಗೇ ಎಸೆಯುತ್ತಿದ್ದಳು. ಕೋಚ್ ಗಂಟಲು ಹರಿಯುವಂತೆ ಕೂಗಿದರೂ ಕೇಳಲಿಲ್ಲ. ತಂಡ ಸೋತಿತು. ಬಟ್ಟೆ ಬದಲಿಸುವ ಕೋಣೆ ಖಾಲಿಯಾದ ಮೇಲೆ ಏಣಿ ಗುಬ್ಬಿಯನ್ನು ಅಡ್ಡಗಟ್ಟಿ, ಅವಳದೇ ಭಾಷೆಯಲ್ಲಿ, "ನನ್ನ ಹೆಸರು ಕೆಡಿಸೋಕೆ ಯಾರು ಹೇಳಿಕೊಟ್ರು?" ಎಂದಳು.

ಗುಬ್ಬಿ ಅವಳ ಕೈಹಿಡಿದು ಬೆಂಚಿನ ಮೇಲೆ ಕೂರಿಸಿದಳು. "ನಿಂಗೆ ಮಾತು ಬರುತ್ತಾ? ಬರುತ್ತೆ ಅಂತ ಗೊತ್ತಿದ್ರೆ ಬಾಗಿಲ ಹೊರಗಿಂದಾನೇ ಕೂಗಿ ಹೇಳ್ತಿದ್ದೆ. ಬಸ್ಸಿಳಿದ ಕೂಡ್ಲೇ ಆ ಸಹಾಯಕನ ಬಾಯಿ ಬಿಡಿಸಿದೆ, ನಿನ್ನ ಮಂಡಿಯೊಳಗೆ ಏನೋ ಹರಿದಿದೆ ಕಣೇ. ಪಾಸ್ ಕೊಟ್ರೆ ನೀನು ಜಿಗೀತೀಯ. ಜಿಗಿದ್ರೆ ಕಾಲು ಹೋಗುತ್ತೆ."

ಮರುದಿನ ಏಣಿ ಬೇರೆ ಡಾಕ್ಟರಲ್ಲಿಗೆ ಹೋದಳು. ಗುಬ್ಬಿ ಹೇಳಿದ್ದು ನಿಜವಾಗಿತ್ತು. ಆಪರೇಷನ್ ಆಯಿತು, ಒಂದು ವರ್ಷ ಹೋಯಿತು. ಗುಬ್ಬಿಯ ನಾಯಕಿ ಪಟ್ಟವೂ ಹೋಯಿತು. ಕೋಚ್ ಇನ್ನೊಂದು ದೇಶದಿಂದ ಇನ್ನೊಬ್ಬ ಉದ್ದನೆಯ ಹುಡುಗಿಯನ್ನು ಕರೆತಂದರು. ಏಣಿ ಕೊನೆಯ ವರ್ಷವನ್ನು ಹೆಚ್ಚಾಗಿ ಬೆಂಚಿನ ಮೇಲೆಯೇ ಕಳೆದು, ಡಿಗ್ರಿ ಮುಗಿಸಿ, ಕಾಲೇಜಿದ್ದ ಅದೇ ಊರಿನ ಶಾಲೆಯೊಂದರಲ್ಲಿ ಹುಡುಗಿಯರಿಗೆ ಆಟ ಕಲಿಸುವ ಕೆಲಸಕ್ಕೆ ಸೇರಿದಳು.

ಆದರೂ ಒಂದು ಮುಳ್ಳು ಒಳಗೇ ಉಳಿದಿತ್ತು. ಆ ದಿನ ಚೆಂಡೆಲ್ಲ ಹೋದದ್ದು ತಂಡದಲ್ಲೇ ಇದ್ದ ಗುಬ್ಬಿಯ ಚಿಕ್ಕಪ್ಪನ ಮಗಳ ಕೈಗೆ. ಆ ಪಂದ್ಯದ ಆಟ ನೋಡಿಯೇ ದೊಡ್ಡ ತಂಡವೊಂದು ಅವಳನ್ನು ಕರೆಸಿಕೊಂಡಿತ್ತು. ಏಣಿ ಇದನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಒಂದು ಸಂಜೆ ಶಾಲೆಯ ಅಂಕಣದಲ್ಲಿ ಚೆಂಡುಗಳನ್ನು ಚೀಲಕ್ಕೆ ತುಂಬಲು ಗುಬ್ಬಿ ನೆರವಾಗುತ್ತಿದ್ದಾಗ, ಅದು ನನಗಾಗಿಯೋ ಅವಳಿಗಾಗಿಯೋ ಎಂದು ಕೇಳಿಯೇಬಿಟ್ಟಳು.

ಗುಬ್ಬಿ ತಲೆಯೆತ್ತಲಿಲ್ಲ. "ಎರಡೂ ಇತ್ತು. ನಿನ್ನ ಕಾಲೂ ಉಳೀಲಿ, ಅವಳಿಗೂ ಒಂದು ದಾರಿ ಆಗ್ಲಿ ಅಂತ."

ಏಣಿ ಅದನ್ನು ನಂಬಿದಳು. ಬರೀ ನಿನಗಾಗಿ ಎಂದಿದ್ದರೆ ನಂಬುತ್ತಿರಲಿಲ್ಲ.